ಆರನೆಯ ಗಣದ ‘ಕಲಿ’: ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳಲ್ಲಿ ಗಣವಿನ್ಯಾಸ ಮತ್ತು ಪುನರಾವರ್ತನೆ

ಕನ್ನಡ ಛಂದಸ್ಸಿನ ಚರಿತ್ರೆಯನ್ನು ಹೇಳಹೊರಟ ಯಾವ ಗ್ರಂಥವೂ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಬಿಟ್ಟು ಮುಂದೆ ಸಾಗುವುದಿಲ್ಲ. ತ್ರಿಪದಿಯ ಪ್ರಾಚೀನತೆಗೆ ಅದೊಂದು ಕಲ್ಲಿನ ಸಾಕ್ಷಿ. ಆದರೆ ಸಾಕ್ಷಿಯಾಗಿ ನಿಂತ ಪದ್ಯಗಳಿಗೆ ಒದಗುವ ಒಂದು ಪಾಡು ಇವುಗಳಿಗೂ ಒದಗಿದೆ. ಕಾಲನಿರ್ಣಯಕ್ಕೆ, ಭಾಷಾಸ್ವರೂಪಕ್ಕೆ, ಛಂದಸ್ಸಿನ ಉಗಮಕ್ಕೆ ಉದಾಹರಣೆಯಾಗಿ ಇವು ಮತ್ತೆ ಮತ್ತೆ ಬಳಕೆಯಾಗುತ್ತವೆ. ಪದ್ಯಗಳಾಗಿ ಇವು ಹೇಗೆ ಕೆಲಸ ಮಾಡುತ್ತವೆ ಎಂಬ ಪ್ರಶ್ನೆ ಮಾತ್ರ ಹಿಂದುಳಿಯುತ್ತದೆ. ತರಗತಿಯಲ್ಲಿ ಪ್ರಸ್ತಾರ ಹಾಕಿ ಗಣಗಳನ್ನು ಎಣಿಸಿದ ಮೇಲೆ ಪಾಠ ಮುಗಿಯಿತೆಂದು ಭಾವಿಸುವುದು ರೂಢಿ. ವಾಸ್ತವವಾಗಿ ಪ್ರಸ್ತಾರ ಮುಗಿದ ಸ್ಥಳದಲ್ಲಿಯೇ ಈ ಪದ್ಯಗಳ ಅರ್ಥವಿಚಾರ ಪ್ರಾರಂಭವಾಗಬೇಕು. ಏಕೆಂದರೆ ಇಲ್ಲಿನ ಒಂದು ಪದದ ಅರ್ಥವು ಆ ಪದ ಯಾವ ಗಣದಲ್ಲಿ ನಿಂತಿದೆ ಎಂಬುದನ್ನು ಅವಲಂಬಿಸಿದೆ. ಆ ಪದ ‘ಕಲಿ’.

ಶಾಸನದ ಪಾಠವು ಕನ್ನಡ ಅಧ್ಯಾಪಕರಿಗೆ ಕಂಠಸ್ಥವಾಗಿರುವಂಥದು. ಆದ್ದರಿಂದ ಅದನ್ನು ಇಲ್ಲಿ ಉದ್ಧರಿಸದೆ, ಚರ್ಚೆಗೆ ಅಗತ್ಯವಾದ ಬಿಡಿಪದಗಳನ್ನೂ ಗುರುಲಘುವಿನ್ಯಾಸವನ್ನೂ ಮಾತ್ರ ತೆಗೆದುಕೊಳ್ಳಲಾಗಿದೆ. ಬಾದಾಮಿಯ ಕೆರೆಯ ಈಶಾನ್ಯದ ಕಡೆಯ ಬಂಡೆಯ ಮೇಲೆ ಹತ್ತು ಸಾಲುಗಳಲ್ಲಿ ಇದನ್ನು ಕೊರೆಯಲಾಗಿದೆ. ಇದರಲ್ಲಿ ಕಾಲದ ಉಲ್ಲೇಖವಿಲ್ಲ, ಅರಸನ ಹೆಸರೂ ಇಲ್ಲ. ಲಿಪಿಯ ಆಧಾರದ ಮೇಲೆ ಸುಮಾರು ಕ್ರಿ.ಶ. 700ರದೆಂದು ವಿದ್ವಾಂಸರು ಪರಿಗಣಿಸಿದ್ದಾರೆ. ಜೆ.ಎಫ್. ಫ್ಲೀಟ್ 1881ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಇದನ್ನು ಪ್ರಕಟಿಸಿದಂದಿನಿಂದ ಇದು ವಿದ್ವತ್‌ಲೋಕಕ್ಕೆ ಪರಿಚಿತ. ಮೊದಲು ಬಿರುದುಗಳ ಮಾಲೆಯಂತಿರುವ ಒಂದು ಕನ್ನಡ ಭಾಗ, ಆಮೇಲೆ ಒಂದು ಸಂಸ್ಕೃತ ಶ್ಲೋಕ, ಅನಂತರ ಮೂರು ತ್ರಿಪದಿಗಳು, ಇಷ್ಟು ಇದರ ಒಡಲು. ಮೂರು ತ್ರಿಪದಿಗಳೆಂದರೆ ಒಂಬತ್ತು ಪಾದಗಳು. ಶಾಸನದ ಒಟ್ಟು ಸಾಲುಗಳೇ ಹತ್ತು ಎಂದ ಮೇಲೆ, ಪಾದವೊಂದಕ್ಕೆ ಸಾಲೊಂದು ಎಂಬ ಲೆಕ್ಕದಲ್ಲಿ ಇದನ್ನು ಕೊರೆದಿಲ್ಲವೆಂಬುದು ಸ್ಪಷ್ಟ. ಪಾದಗಳ ಗಡಿಯನ್ನು ತೋರಿಸುವುದು ಕಲ್ಲಲ್ಲ, ಆದಿಪ್ರಾಸ. ಎಂದರೆ ಕೊರೆದವನೂ ಓದುವವನೂ ಪದ್ಯದ ಆಕೃತಿಯನ್ನು ಕಿವಿಯಿಂದಲೇ ಬಲ್ಲವರೆಂದು ಇಟ್ಟುಕೊಳ್ಳಬೇಕಾಗುತ್ತದೆ.

ತ್ರಿಪದಿಯ ಲಕ್ಷಣ ಸುಪರಿಚಿತವೇ ಆದರೂ ಮುಂದಿನ ಮಾತಿಗೆ ಬೇಕಾದಷ್ಟನ್ನು ನೆನೆಯಬಹುದು. ಇದು ಅಂಶಗಣದ ಮಟ್ಟು. ಗಣದ ಮೊದಲ ಅಂಶ ಒಂದು ಗುರು ಇಲ್ಲವೆ ಎರಡು ಲಘು. ಉಳಿದ ಅಂಶಗಳಲ್ಲಿ ಗುರುವಾಗಲಿ ಲಘುವಾಗಲಿ ಒಂದೊಂದೇ ಅಕ್ಷರ. ಎರಡು ಅಂಶಗಳದು ಬ್ರಹ್ಮಗಣ, ಅದಕ್ಕೆ ನಾಲ್ಕು ರೂಪ. ಮೂರು ಅಂಶಗಳದು ವಿಷ್ಣುಗಣ, ಅದಕ್ಕೆ ಎಂಟು ರೂಪ. ತ್ರಿಪದಿಯ ಮೊದಲ ಎರಡು ಪಾದಗಳಲ್ಲಿ ನಾಲ್ಕು ನಾಲ್ಕು ಗಣ, ಮೂರನೆಯದರಲ್ಲಿ ಮೂರು, ಒಟ್ಟು ಹನ್ನೊಂದು. ಇವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದ ಒಂಬತ್ತೂ ವಿಷ್ಣು. ನಾಗವರ್ಮನ ಛಂದೋಂಬುಧಿಗೂ ಜಯಕೀರ್ತಿಯ ಛಂದೋನುಶಾಸನಕ್ಕೂ ಸುಮಾರು ಮುನ್ನೂರು ವರ್ಷಗಳಷ್ಟು ಹಿಂದಿನದಾದ ಈ ಶಾಸನವು ಅವರು ಹೇಳುವ ಲಕ್ಷಣಕ್ಕೆ ಬಹುಮಟ್ಟಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಲಕ್ಷಣಕಾರರು ಮಟ್ಟನ್ನು ಕಲ್ಪಿಸಿದವರಲ್ಲ, ರೂಢಿಯಲ್ಲಿದ್ದುದನ್ನು ದಾಖಲಿಸಿದವರು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಮೊದಲನೆಯ ತ್ರಿಪದಿಯ ಮೊದಲ ಪಾದವನ್ನು ನೋಡಬೇಕು. ಗುರು-ಲಘು-ಲಘು, ಗುರು-ಲಘು-ಗುರು, ಗುರು-ಗುರು-ಲಘು, ಗುರು-ಗುರು-ಗುರು. ನಾಲ್ಕೂ ವಿಷ್ಣುಗಣಗಳು, ನಾಲ್ಕೂ ಬೇರೆ ಬೇರೆ ರೂಪದವು. ಕಾಗದದ ಮೇಲೆ ಮಾತ್ರೆ ಎಣಿಸಿದರೆ ನಾಲ್ಕು, ಐದು, ಐದು, ಆರು. ಪಾದವು ಹೋಗುತ್ತ ಹೋಗುತ್ತ ಭಾರವಾಗುತ್ತದೆ. ಈ ನಾಲ್ಕು ಗಣಗಳಲ್ಲಿ ಇರುವ ನಾಮಪದಗಳು ಎರಡೇ: ‘ಸಾಧು’ ಮತ್ತು ‘ಮಾಧುರ್ಯ’. ಎರಡೂ ಎರಡೆರಡು ಸಲ ಬರುತ್ತವೆ, ಮೊದಲು ಚತುರ್ಥೀ ವಿಭಕ್ತಿಯಲ್ಲಿ, ಕೂಡಲೇ ಪ್ರಥಮೆಯಲ್ಲಿ. ಇಂಥವನಿಗೆ ಈತ ಇಂಥವನೇ ಎಂಬ ಸಮಸಮದ ಹೇಳಿಕೆ. ಮೇಲುನೋಟಕ್ಕೆ ಇದೊಂದು ಸರಳವಾದ ಇಮ್ಮಡಿ. ಆದರೆ ಪದದ ಗಡಿಯನ್ನು ಗಣದ ಗಡಿಯೊಡನೆ ಇಟ್ಟು ನೋಡಿದಾಗ ಬೇರೊಂದು ಸಂಗತಿ ಕಾಣಿಸುತ್ತದೆ. ‘ಸಾಧು’ ಮೊದಲ ಸಲ ಬಂದಾಗ ತನ್ನ ಪ್ರತ್ಯಯದೊಡನೆ ಒಂದನೆಯ ಗಣವನ್ನು ಪೂರ್ತಿಯಾಗಿ ತುಂಬುತ್ತದೆ. ಎರಡನೆಯ ಸಲ ಅದು ಗಣದ ಎರಡು ಅಂಶಗಳನ್ನಷ್ಟೇ ಹಿಡಿದು, ಮೂರನೆಯ ಅಂಶವನ್ನು ಮುಂದಿನ ಪದದ ಮೊದಲ ಅಕ್ಷರಕ್ಕೆ ಬಿಟ್ಟುಕೊಡುತ್ತದೆ. ಹಾಗಾಗಿ ‘ಮಾಧುರ್ಯ’ ತನ್ನ ಮೊದಲ ಪ್ರಯೋಗದಲ್ಲಿ ಎರಡನೆಯ ಮತ್ತು ಮೂರನೆಯ ಗಣಗಳ ನಡುವೆ ಒಡೆದುಹೋಗುತ್ತದೆ. ಎರಡನೆಯ ಪ್ರಯೋಗದಲ್ಲಿ ನಾಲ್ಕನೆಯ ಗಣವನ್ನು ಪೂರ್ತಿಯಾಗಿ ಆಕ್ರಮಿಸಿ ನಿಲ್ಲುತ್ತದೆ. ಒಂದು ಪದ ಇಡಿಯಾಗಿ ಬಂದು ಆಮೇಲೆ ತೆರೆದುಕೊಳ್ಳುತ್ತದೆ. ಇನ್ನೊಂದು ಒಡೆದು ಬಂದು ಆಮೇಲೆ ಕೂಡಿಕೊಳ್ಳುತ್ತದೆ. ಪಾದದ ಎರಡು ತುದಿಗಳಲ್ಲಿ ಪದವೂ ಗಣವೂ ಒಂದಾಗಿವೆ, ನಡುವೆ ಮಾತ್ರ ಬೆಸುಗೆ. ಎಂದರೆ ಪುನರುಕ್ತವಾದ ಪದವು ಲಯದ ದೃಷ್ಟಿಯಿಂದ ಪುನರುಕ್ತವಲ್ಲ. ಇದನ್ನು ಶಬ್ದಾಲಂಕಾರದ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡರೆ ಪದ್ಯದ ಮುಖ್ಯ ಚಲನೆಯೇ ಕೈತಪ್ಪುತ್ತದೆ.

ಚತುರ್ಥಿಯ ‘ಗೆ’ ಪ್ರತ್ಯಯವೂ ಗಮನಾರ್ಹ. ಈ ತ್ರಿಪದಿಯಲ್ಲಿ ಅದು ಮೂರು ಸಲ ಬರುತ್ತದೆ: ಒಂದನೆಯ, ಮೂರನೆಯ ಮತ್ತು ಆರನೆಯ ಗಣಗಳಲ್ಲಿ. ಮೂರು ಕಡೆಯೂ ಅದು ಗಣದ ಕೊನೆಯ ಅಕ್ಷರ, ಮೂರು ಕಡೆಯೂ ಲಘು. ಕೇಳುವವನ ಕಿವಿಗೆ ‘ಗೆ’ ಎಂಬುದು ಒಂದು ಸೂಚನೆಯಾಗುತ್ತದೆ: ಇದರ ಮುಂದೆ ಅದೇ ಪದ ಮರಳಿ ಬರಲಿದೆ. ಎರಡು ಸಲ ಈ ನಿರೀಕ್ಷೆ ಪೂರೈಸುತ್ತದೆ. ಮೂರನೆಯ ಸಲ, ಎರಡನೆಯ ಪಾದದಲ್ಲಿ, ‘ಕಲಿ’ಯ ಚತುರ್ಥೀ ರೂಪ ಬಂದ ಕೂಡಲೇ ಮತ್ತೆ ‘ಕಲಿ’ ಎಂಬ ಎರಡಕ್ಷರಗಳೇ ಕೇಳಿಸುತ್ತವೆ. ಇಲ್ಲಿಯವರೆಗೆ ಮಾದರಿ ಮುರಿದಿಲ್ಲ. ಕಲಿಗೆ ಈತನೂ ಕಲಿಯೇ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಆದರೆ ಆ ಅಕ್ಷರಗಳು ‘ಯುಗ’ದೊಡನೆ ಕೂಡಿ ಬೇರೆ ಪದವಾಗುತ್ತವೆ, ಅದರ ಮುಂದೆ ‘ವಿಪರೀತ’ ಬರುತ್ತದೆ. ಸಾಧುವಿಗೆ ಸಮ, ಮಾಧುರ್ಯಕ್ಕೆ ಸಮ, ಕಲಿಗೆ ಮಾತ್ರ ವಿರುದ್ಧ. ಪುನರಾವರ್ತನೆಯ ಮಾದರಿಯನ್ನು ಎರಡು ಸಲ ಸ್ಥಾಪಿಸಿದ್ದೇ ಮೂರನೆಯ ಸಲ ತಿರುಗಿಸುವುದಕ್ಕಾಗಿ.

ಈ ತಿರುವನ್ನು ಲಯವೂ ಗುರುತಿಸುತ್ತದೆ. ಮೊದಲ ಪಾದದ ಹನ್ನೆರಡು ಅಕ್ಷರಗಳಲ್ಲಿ ಎಂಟು ಗುರು, ನಾಲ್ಕೇ ಲಘು. ಎರಡನೆಯ ಪಾದದ ಹದಿನಾಲ್ಕು ಅಕ್ಷರಗಳಲ್ಲಿ ಗುರು ನಾಲ್ಕು, ಲಘು ಹತ್ತು. ಆ ಹತ್ತು ಲಘುಗಳೂ ಒಂದರ ಹಿಂದೆ ಒಂದು ಬರುತ್ತವೆ. ಐದನೆಯ ಗಣದ ಕೊನೆಯ ಅಕ್ಷರ, ಮೂರು ಲಘುಗಳ ಬ್ರಹ್ಮಗಣ, ನಾಲ್ಕು ಲಘುಗಳ ವಿಷ್ಣುಗಣ, ಎಂಟನೆಯ ಗಣದ ಮೊದಲ ಎರಡು ಲಘು. ಅದುವರೆಗೆ ನಿಧಾನವಾಗಿ ಹೆಜ್ಜೆಯಿಡುತ್ತಿದ್ದ ಪದ್ಯ ‘ಕಲಿ’ಯ ಹತ್ತಿರ ಬಂದಾಗ ಹಗುರವಾಗಿ, ‘ವಿಪರೀತ’ದ ಕೊನೆಯ ಎರಡು ಗುರುಗಳ ಮೇಲೆ ಕಾಲೂರಿ ನಿಲ್ಲುತ್ತದೆ. ಅಂಶಗಣದ ಮಟ್ಟುಗಳಲ್ಲಿ ಕರ್ಷಣಕ್ಕೆ ಅವಕಾಶವಿರುವುದರಿಂದ, ಹಾಡುವಾಗ ಲಘುಗಳು ಹಿಗ್ಗಿ ಗಣಗಳು ಸಮನಾಗುತ್ತವೆ, ಮಾತ್ರೆಯ ಲೆಕ್ಕಕ್ಕೆ ಇಷ್ಟು ಮಹತ್ತ್ವ ಕೊಡಬಾರದು ಎಂಬ ಆಕ್ಷೇಪ ಸರಿಯಾದುದೇ. ಆದರೂ ಹಿಗ್ಗಿಸಲ್ಪಟ್ಟ ಲಘುವೂ ಸ್ವಭಾವದ ಗುರುವೂ ಕಿವಿಗೆ ಒಂದೇ ಅಲ್ಲ.

ಈಗ ಮೂರೂ ತ್ರಿಪದಿಗಳನ್ನು ಒಂದರ ಕೆಳಗೆ ಒಂದಿಟ್ಟು ಆರನೆಯ ಗಣವನ್ನು ಮಾತ್ರ ನೋಡಬೇಕು. ಮೂರರಲ್ಲಿಯೂ ಅಲ್ಲಿರುವುದು ‘ಕಲಿ’ಯ ಚತುರ್ಥೀ ರೂಪ. ಬ್ರಹ್ಮಗಣಕ್ಕೆ ನಾಲ್ಕು ರೂಪಗಳು ಸಾಧ್ಯವಿರುವಾಗ ಮೂರು ಸಲವೂ ಮೂರು ಲಘುಗಳ ರೂಪ, ಮೂರು ಸಲವೂ ಅದೇ ಪದ. ಇನ್ನೊಂದು ಬ್ರಹ್ಮಗಣವಾದ ಹತ್ತನೆಯದರಲ್ಲಿ ಹೀಗಿಲ್ಲ: ಮೊದಲ ತ್ರಿಪದಿಯಲ್ಲಿ ಎರಡು ಗುರು, ಉಳಿದೆರಡರಲ್ಲಿ ಗುರು-ಲಘು, ಪದಗಳೂ ಬೇರೆ ಬೇರೆ. ಆದ್ದರಿಂದ ಕವಿಗೆ ಬೇರೆ ರೂಪಗಳು ಒದಗುತ್ತಿರಲಿಲ್ಲ ಎನ್ನುವಂತಿಲ್ಲ. ಇನ್ನು ಎರಡನೆಯ ಮತ್ತು ಮೂರನೆಯ ತ್ರಿಪದಿಗಳಲ್ಲಿ ಏಳನೆಯ ಗಣವನ್ನು ‘ವಿಪರೀತ’ ತುಂಬುತ್ತದೆ. ಮೊದಲನೆಯದರಲ್ಲಿ ಏಳನೆಯ ಗಣಕ್ಕೆ ‘ಕಲಿಯುಗ’ ಬಂದುದರಿಂದ ‘ವಿಪರೀತ’ ಎಂಟನೆಯದಕ್ಕೆ ಸರಿದಿದೆ. ‘ಕಲಿಯುಗವಿಪರೀತ’ ಎಂಬುದು ಶಾಸನದ ಆರಂಭದ ಬಿರುದುಗಳ ಮಾಲೆಯಲ್ಲಿಯೇ ಇದೆ. ಅಲ್ಲಿ ಛಂದೋಬಂಧವಿಲ್ಲದೆ ಬಂದ ಬಿರುದು ಮೊದಲ ತ್ರಿಪದಿಯಲ್ಲಿ ಏಳು ಮತ್ತು ಎಂಟನೆಯ ಗಣಗಳಾಗಿ ಸ್ವಲ್ಪವೂ ಬದಲಾಗದೆ ಕುಳಿತುಕೊಂಡಿದೆ. ಆಮೇಲಿನ ಎರಡು ತ್ರಿಪದಿಗಳಲ್ಲಿ ‘ಯುಗ’ ಕಳಚಿ, ‘ಕಲಿಗೆ ವಿಪರೀತ’ ಎಂದು ಬಿಡಿಸಿಕೊಂಡು, ಆರು ಮತ್ತು ಏಳನೆಯ ಗಣಗಳಲ್ಲಿ ನೆಲೆಯಾಗಿದೆ. ಒಂದು ಸಮಾಸ ಪದ್ಯದೊಳಕ್ಕೆ ಬಂದು, ವಿಗ್ರಹವಾಕ್ಯವಾಗಿ, ನಿಶ್ಚಿತವಾದ ಸ್ಥಾನವೊಂದನ್ನು ಪಡೆಯುವ ಕ್ರಮವನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಕಾಣಬಹುದು.

ಅರ್ಥನಿರ್ಣಯಕ್ಕೆ ಇದರಿಂದ ಒದಗುವ ಸಹಾಯ ಸಣ್ಣದಲ್ಲ. ಮೊದಲ ತ್ರಿಪದಿಯನ್ನು ಒಂಟಿಯಾಗಿ ಓದಿದರೆ, ಆರನೆಯ ಗಣದ ‘ಕಲಿ’ಗೆ ಶೂರನೆಂಬ ಕನ್ನಡದ ಅರ್ಥವನ್ನೂ ಹೇಳಬಹುದು, ಕಲಿಪುರುಷನೆಂಬ ಸಂಸ್ಕೃತದ ಅರ್ಥವನ್ನೂ ಹೇಳಬಹುದು. ಪೀಡಿಸುವ ಶೂರನಿಗೆ ಎದುರಾಳಿ ಎಂದರೂ ವಾಕ್ಯ ಕೂಡುತ್ತದೆ. ತ್ರಿಪದಿಗಳನ್ನು ಬಿಡಿಬಿಡಿಯಾಗಿ ಸಂಕಲನಗಳಲ್ಲಿ ಎತ್ತಿಕೊಡುವ ಪರಿಪಾಠದಿಂದ, ಅದರಲ್ಲಿಯೂ ಮೊದಲನೆಯದನ್ನು ಮಾತ್ರ ಪಠ್ಯದಲ್ಲಿಡುವುದರಿಂದ, ಈ ಸಂದಿಗ್ಧತೆ ಹಾಗೆಯೇ ಉಳಿಯುತ್ತದೆ. ಮೂರನೆಯ ತ್ರಿಪದಿಯಲ್ಲಾದರೋ ‘ಕಲಿಗೆ ವಿಪರೀತ’ ಎಂಬುದು ನಾಯಕನನ್ನೇ ನಿರ್ದೇಶಿಸುವ ಒಂದು ಪದಪುಂಜ. ಆತನಿಗೆ ಅಹಿತರಾದವರ ಗತಿಯನ್ನು ಅಲ್ಲಿ ಹೇಳಿದೆ. ಅಲ್ಲಿ ಶೂರನೆಂಬ ಅರ್ಥಕ್ಕೆ ಆಸ್ಪದ ಕಡಿಮೆ. ಅದೇ ಪದ ಅದೇ ವಿಭಕ್ತಿಯಲ್ಲಿ ಅದೇ ಗಣದಲ್ಲಿ ಮೂರು ಸಲ ಬಂದಿರುವಾಗ, ಸ್ಪಷ್ಟವಾಗಿರುವ ಪ್ರಯೋಗವು ಅಸ್ಪಷ್ಟವಾಗಿರುವುದನ್ನು ಬೆಳಗಿಸಬೇಕಾದುದು ನ್ಯಾಯ. ಶೂರನೆಂಬ ಅರ್ಥವು ಮೊದಲ ತ್ರಿಪದಿಯಲ್ಲಿ ಪೂರ್ತಿಯಾಗಿ ಸತ್ತುಹೋಗುತ್ತದೆ ಎಂದಲ್ಲ. ಕ್ಷಣಕಾಲ ಅದು ಕೇಳಿಸುತ್ತದೆ, ಕೇಳಿಸಲೆಂದೇ ಇದೆ. ಆದರೆ ಪದ್ಯ ನಿಲ್ಲುವುದು ಯುಗಧರ್ಮಕ್ಕೆ ಎದುರು ನಿಂತ ವ್ಯಕ್ತಿಯ ಮೇಲೆ. ಅನಂತರದ ಮೂರನೆಯ ಪಾದ ಈತನನ್ನು ಮಾಧವನಿಗೆ ಸಮೀಕರಿಸುವುದೂ ಇದಕ್ಕೆ ಹೊಂದುತ್ತದೆ. ಕಲಿಯುಗಕ್ಕೆ ವಿರುದ್ಧವಾಗಿ ನಿಲ್ಲುವುದು ಶೂರನೊಬ್ಬನ ಕೆಲಸಕ್ಕಿಂತ ಅವತಾರಪುರುಷನ ಕೆಲಸ.

ಸಂಸ್ಕೃತ ಶ್ಲೋಕವೂ ಪುನರುಕ್ತಿಯ ಮೇಲೆಯೇ ನಿಂತಿದೆ ಎಂಬುದನ್ನು ಇಲ್ಲಿ ಸೂಚಿಸಿ ಮುಂದೆ ಹೋಗಬಹುದು. ಮಾನಭಂಗಕ್ಕಿಂತ ಸಾವು ಮೇಲು, ಸಾವಿನ ದುಃಖ ಒಂದು ಕ್ಷಣದ್ದು, ಮಾನಭಂಗದ್ದು ಪ್ರತಿದಿನದ್ದು ಎಂಬ ಅದರ ಆಶಯದಲ್ಲಿ ‘ಮೃತ್ಯು’, ‘ಮಾನ’ ಎರಡೂ ಎರಡೆರಡು ಸಲ ಬರುತ್ತವೆ. ದಿನವಾಚಕವು ಕೊನೆಯಲ್ಲಿ ದ್ವಿರುಕ್ತಿಯಾಗುತ್ತದೆ. ಆದರೆ ಅಲ್ಲಿ ಪುನರುಕ್ತಿ ತೂಗಿನೋಡುವ ಕೆಲಸವನ್ನು ಮಾತ್ರ ಮಾಡುತ್ತದೆ. ಗಣದ ಸ್ಥಾನದೊಡನೆ ಆಟವಾಡುವುದು ಕನ್ನಡದ ಪದ್ಯಗಳ ವೈಶಿಷ್ಟ್ಯ.

ಮೂರನೆಯ ತ್ರಿಪದಿಯಲ್ಲಿ ಪುನರಾವರ್ತನೆಯ ಹೊಣೆ ಬಹುಪಾಲು ಆದಿಪ್ರಾಸದ ಮೇಲೆ ಬಿದ್ದಿದೆ. ಕಟ್ಟಿಹಾಕಿದ ಸಿಂಹವನ್ನು, ತಮಗೇನು ಕೆಡುಕಾದೀತೆಂದು ಬಿಟ್ಟುಬಿಟ್ಟವರಂತೆ, ಈತನ ಹಗೆಗಳು ಹಾಳಾದರೆಂಬುದು ಅದರ ಭಾವ. ಮೂರು ಪಾದಗಳ ಮೊದಲ ಪದಗಳು ಕಟ್ಟು, ಬಿಡು, ಕೆಡು ಧಾತುಗಳ ಭೂತರೂಪಗಳು. ಕಟ್ಟಿದ್ದು, ಬಿಟ್ಟಿದ್ದು, ಕೆಟ್ಟಿದ್ದು: ಇಡೀ ಕಥೆ ಪ್ರಾಸಸ್ಥಾನದಲ್ಲಿಯೇ ಮುಗಿದುಹೋಗಿದೆ. ಪ್ರಾಸಕ್ಕಾಗಿ ಪದವನ್ನು ತಂದು ತುಂಬುವ ಪದ್ಯಗಳನ್ನು ಸಾಲುಸಾಲಾಗಿ ಓದಿ ಬೇಸತ್ತವರಿಗೆ ಈ ಮಿತವ್ಯಯ ಸಂತೋಷ ಕೊಡಬೇಕು. ಇದರೊಳಗೆ ಇನ್ನೊಂದು ಪುನರಾವರ್ತನೆಯಿದೆ. ‘ಕೆಡು’ ಧಾತು ಮೊದಲು ಮೂರನೆಯ ಗಣದಲ್ಲಿ ಪ್ರಶ್ನೆಯಾಗಿ ಬರುತ್ತದೆ, ಹಗೆಗಳ ಉಡಾಫೆಯ ಮಾತಾಗಿ. ಅನಂತರ ಒಂಬತ್ತನೆಯ ಗಣದಲ್ಲಿ ಉತ್ತರವಾಗಿ ಬರುತ್ತದೆ, ಕವಿಯ ಮಾತಾಗಿ. ಮೊದಲ ತ್ರಿಪದಿಯಲ್ಲಿ ಪುನರುಕ್ತ ಪದ ಪಕ್ಕಪಕ್ಕದಲ್ಲಿತ್ತು. ಇಲ್ಲಿ ಆರು ಗಣಗಳ ಅಂತರ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಸರಿಯಾಗಿ ‘ಕಲಿಗೆ ವಿಪರೀತ’ನು ನಿಂತಿದ್ದಾನೆ.

ಎರಡನೆಯ ತ್ರಿಪದಿ ಉಳಿದೆರಡಕ್ಕಿಂತ ತೊಡಕಿನದು. ಒಳಿತು ಮಾಡುವವರು ಯಾರು, ಹಾಗೆಯೇ ಕೆಡುಕು ಮಾಡುವವರು ಯಾರು ಎಂದು ಕೇಳಿ, ಹಿಂದೆ ಮಾಡಿದ್ದು ಬಲವಾದುದು, ಅದು ಇಲ್ಲಿಗೇ ಬಂದು ಕೂಡುತ್ತದೆ ಎಂದು ಹೇಳುವ ಇದು ಒಂಟಿಯಾಗಿ ನಿಂತರೆ ಯಾರ ಪ್ರಶಂಸೆಯೂ ಅಲ್ಲದ ಒಂದು ನೀತಿಪದ್ಯ. ಇದನ್ನು ಕಪ್ಪೆ ಅರಭಟ್ಟನಿಗೆ ಬಿಗಿದು ಕಟ್ಟುವ ಗಂಟು ಒಂದೇ, ಆರು ಮತ್ತು ಏಳನೆಯ ಗಣಗಳು. ಆ ಗಂಟಿನ ಅನ್ವಯವೇ ಸಮಸ್ಯೆ. ‘ವಿಪರೀತ’ವನ್ನು ಮುಂದಿನ ‘ಪುರಾಕೃತ’ಕ್ಕೆ ವಿಶೇಷಣವಾಗಿ ತೆಗೆದುಕೊಂಡರೆ ಕಲಿಗೆ ವಿರುದ್ಧವಾದ ಪೂರ್ವಕರ್ಮ ಎಂದಾಗುತ್ತದೆ. ಆದರೆ ಪ್ರಕಟಿತ ಪಾಠದಲ್ಲಿ ಆ ಪದ ದೀರ್ಘಾಂತವಾಗಿದೆ. ಸಂಬೋಧನೆಯೆಂದು ಗ್ರಹಿಸಿದರೆ, ಕಲಿಗೆ ವಿಪರೀತನಾದವನೇ ಎಂದು ನಾಯಕನನ್ನೇ ಕರೆದು ಹೇಳಿದಂತಾಗುತ್ತದೆ. ಛಂದಸ್ಸು ಈ ಜಗಳವನ್ನು ತೀರಿಸುತ್ತದೆಯೇ ಎಂದು ನೋಡಿದರೆ, ತೀರಿಸುವುದಿಲ್ಲ: ಕೊನೆಯ ಅಕ್ಷರ ಗುರುವಾದರೂ ಲಘುವಾದರೂ ಏಳನೆಯದು ವಿಷ್ಣುಗಣವೇ. ಆದರೆ ಈ ನಿರುತ್ತರವೇ ಒಂದು ಸುಳಿವು. ಛಂದಸ್ಸಿಗೆ ದೀರ್ಘ ಬೇಕಾಗಿರಲಿಲ್ಲ ಎಂದ ಮೇಲೆ, ಆ ದೀರ್ಘವು ಬೇರೆ ಯಾವುದೋ ಕಾರಣಕ್ಕೆ ಬಂದಿರಬೇಕು.

ಆ ಕಾರಣ ಸಂಬೋಧನೆಯಾಗಿರಬಹುದು, ಹಾಡಿಕೆಯೂ ಆಗಿರಬಹುದು. ತ್ರಿಪದಿ ಹಾಡುವ ಮಟ್ಟು. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಗ್ರಹದಲ್ಲಿರುವಂಥ ಬೀಸುವ, ಕುಟ್ಟುವ ಪದಗಳನ್ನು ಹಾಡುವ ಕ್ರಮ ಜಾನಪದ ಅಧ್ಯಯನಕಾರರಿಗೆ ತಿಳಿದೇ ಇದೆ. ಮೊದಲ ಪಾದವನ್ನು ಹಾಡಿ, ಎರಡನೆಯ ಪಾದವನ್ನು ಅದರ ಮೂರನೆಯ ಗಣದವರೆಗೆ, ಎಂದರೆ ಒಟ್ಟಾರೆ ಏಳನೆಯ ಗಣದವರೆಗೆ, ಹಾಡಿ ನಿಲ್ಲಿಸುತ್ತಾರೆ. ಆಮೇಲೆ ಎರಡನೆಯ ಪಾದವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡು, ಪೂರ್ತಿ ಹಾಡಿ, ಮೂರನೆಯ ಪಾದಕ್ಕೆ ಹೋಗುತ್ತಾರೆ. ಹೀಗೆ ಬರಹದಲ್ಲಿ ಹನ್ನೊಂದು ಗಣಗಳ ತ್ರಿಪದಿ ಹಾಡಿಕೆಯಲ್ಲಿ ಹದಿನಾಲ್ಕು ಗಣಗಳ ನಾಲ್ಕು ಸಾಲಾಗುತ್ತದೆ: ನಾಲ್ಕು, ಮೂರು, ನಾಲ್ಕು, ಮೂರು. ಸಾಂಗತ್ಯದ ಕಟ್ಟು ಇದೇ ಆಗಿರುವುದರಿಂದ ಅದು ಹಾಡುವ ತ್ರಿಪದಿಯಿಂದ ಮೂಡಿತೆಂಬ ಅಭಿಪ್ರಾಯ ಛಂದೋವಿದ್ವಾಂಸರಲ್ಲಿ ಪ್ರಚಲಿತವಾಗಿದೆ. ಪುನರಾವರ್ತನೆ ಇಲ್ಲಿ ಕವಿ ಬರೆದಿಟ್ಟದ್ದಲ್ಲ, ಮಟ್ಟಿನೊಳಗೇ ಇರುವಂಥದು. ಅಚ್ಚಿನ ಪುಟ ಅದನ್ನು ತೋರಿಸುವುದಿಲ್ಲ, ಬಂಡೆಯೂ ತೋರಿಸುವುದಿಲ್ಲ.

ಈ ಕ್ರಮ ಏಳನೆಯ ಶತಮಾನದ ಕೊನೆಯಲ್ಲಿಯೂ ಇತ್ತೆಂದು ಸಾಧಿಸಲು ನೇರವಾದ ಆಧಾರವಿಲ್ಲ. ಇತ್ತೆಂದು ಊಹಿಸಿದರೆ ಮಾತ್ರ ಮೂರು ತ್ರಿಪದಿಗಳಲ್ಲಿಯೂ ನಿಲುಗಡೆ ಬೀಳುವ ಸ್ಥಳ ಆಶ್ಚರ್ಯಕರವಾಗಿ ಅರ್ಥಪೂರ್ಣವಾಗುತ್ತದೆ. ಎರಡನೆಯ ಮತ್ತು ಮೂರನೆಯವುಗಳಲ್ಲಿ ಹಾಡು ನಿಲ್ಲುವುದು ‘ವಿಪರೀತ’ದ ಮೇಲೆ, ‘ಕಲಿಗೆ ವಿಪರೀತ’ ಎರಡೆರಡು ಸಲ ಕೇಳಿಸುತ್ತದೆ. ಮುಂದಿನ ಕಾಲದ ತ್ರಿಪದಿಕಾರನಾದ ಸರ್ವಜ್ಞನಲ್ಲಿ ಅಂಕಿತ ಕೊನೆಯ ಗಣದಲ್ಲಿ ಬರುತ್ತದೆ. ‘ಸರ್ವಜ್ಞ’ ಎಂಬ ಪದವೇ ಗುರು-ಗುರು-ಲಘುವಿನ ಒಂದು ವಿಷ್ಣುಗಣ. ಅಲ್ಲಿ ಅಂಕಿತವು ಪದ್ಯಕ್ಕೆ ಹಾಕಿದ ಮುದ್ರೆ. ಶಾಸನದಲ್ಲಿ ಅಂಕಿತಸದೃಶವಾದ ಪುಂಜವು ಪದ್ಯದ ನಡುವೆ, ಮರಳಿ ಹಾಡುವ ಭಾಗದ ತುದಿಯಲ್ಲಿದೆ. ಮೊದಲ ತ್ರಿಪದಿಯಲ್ಲಾದರೆ ನಿಲುಗಡೆ ‘ಕಲಿಯುಗ’ದ ಮೇಲೆ. ಮೊದಲ ಸುತ್ತಿನಲ್ಲಿ ಕಲಿಗೆ ಕಲಿಯೇ ಎಂಬ ನಿರೀಕ್ಷೆಯನ್ನು ಹುಟ್ಟಿಸಿ ಹಾಡು ನಿಂತುಬಿಡುತ್ತದೆ. ‘ವಿಪರೀತ’ ಬರುವುದು ಎರಡನೆಯ ಸುತ್ತಿನಲ್ಲಿ ಮಾತ್ರ. ಮೌನವಾಚನದಲ್ಲಿ ಕಣ್ಣು ಒಂದೇ ನೋಟಕ್ಕೆ ದಾ‌ಟಿಬಿಡುವ ತಿರುವನ್ನು ಹಾಡಿಕೆ ತಡೆದು ಹಿಡಿಯುತ್ತದೆ.

ಇದರೊಡನೆ ಇನ್ನೊಂದು ಅಂಶವನ್ನೂ ಸೇರಿಸಬೇಕು. ಮೂರು ತ್ರಿಪದಿಗಳಲ್ಲಿ ಅಂಶಗಣದ ನಿಯಮವನ್ನು ಸ್ಪಷ್ಟವಾಗಿ ಮೀರುವುದು ಎರಡನೆಯದರ ಎಂಟನೆಯ ಗಣ. ‘ಪುರಾಕೃತ’ವು ಲಘು-ಗುರುವಿನಿಂದ ಮೊದಲಾಗುತ್ತದೆ, ಗಣದ ಆರಂಭಕ್ಕೆ ಅದು ಒಗ್ಗದ ವಿನ್ಯಾಸ. ಸಂಸ್ಕೃತ ಪದವನ್ನು ಕನ್ನಡದ ಮಟ್ಟಿಗೆ ಬಗ್ಗಿಸುವ ಕಷ್ಟ ಎಂದು ಇದನ್ನು ವಿವರಿಸಿದರೆ ತಪ್ಪಾಗಲಾರದು. ಆದರೆ ಈ ಒಡಕು ಬಿದ್ದಿರುವುದು ಆ ದೀರ್ಘದ ಮರುಗಳಿಗೆಯಲ್ಲಿ, ಹಾಡು ನಿಲ್ಲುವ ಜಾಗದ ಆಚೆಗೆ. ದೀರ್ಘಾಂತದ ಏಳನೆಯ ಗಣವೂ ಒಡಕಿನ ಎಂಟನೆಯ ಗಣವೂ ಅಕ್ಕಪಕ್ಕದಲ್ಲಿರುವುದು ಕಾಕತಾಳೀಯವೋ, ಕೊರೆದವನ ಕಿವಿಯಲ್ಲಿದ್ದ ರಾಗದ ಗುರುತೋ ಎಂಬುದನ್ನು ನಿರ್ಣಯಿಸುವ ಮೊದಲು ಆ ದೀರ್ಘಚಿಹ್ನೆಯನ್ನು ಅಚ್ಚಿನ ಪಾಠದಲ್ಲಲ್ಲ, ಬಂಡೆಯ ಮೇಲೆಯೇ ಮತ್ತೊಮ್ಮೆ ನೋಡಬೇಕು.